ಬಸವನಹುಳು ಬರೆದ ಪ್ರೇಮ ಕಾದಂಬರಿ

ಹತ್ತಿರ ಬಾರೇ, ಮೆಲ್ಲಗೆ ಹೇಳ್ತೀನಿ. ಗಂಡನ ಕಿವಿಗೂ ಹಾಕಲ್ಲ ಅಂತ ಆಣೆ ಮಾಡು. ನಮ್ಮ ಬಚ್ಚಲ ಗೋಡೆ ಮೇಲೆ ಬಸವನಹುಳು ಪ್ರೇಮ ಕಾದಂಬರಿ ಬರೆದಳು, ತನ್ನ ಮೈಯ ಲೋಳೆಯಲ್ಲೇ. ಆ ವಿರಹ ಎಷ್ಟು ಅಂಟಂಟು ಅಂದರೆ ಸಾಲುಸಾಲಿಗೂ ನೊಣ ಸಿಕ್ಕಿಕೊಳ್ಳುತ್ತಿತ್ತು. ನೊಣ ತಿನ್ನೋಕೆ ಹಲ್ಲಿ ಬಂದರೆ, ಓದೋಕೆ ಬಂದಳು ಅಂದುಕೊಂಡಳು ಈ ಪುಣ್ಯಾತ್ಗಿತ್ತಿ!

"ಹಲ್ಲಿಯಕ್ಕಾ, ತಿದ್ದಿ ಮುಗಿಸಬೇಕು. ಅಳು ಕಡಿಮೆ ಮಾಡಿ ಇಬ್ಬರಿಗೂ ಮದುವೆ ಮಾಡಿಸಿಬಿಡಲೇ?"

ಹಲ್ಲಿ ಬಾಯೇ ಬಿಡಲಿಲ್ಲ.

"ಹಾಗಾದರೆ ಇನ್ನಷ್ಟು ಅಳು ಸೇರಿಸಲೇ?"

"ಲೊಚ್, ಲೊಚ್."

ಹಲ್ಲಿ ಲೊಚಗುಟ್ಟಿದ ಮೇಲೆ ಇನ್ನೇನು? ಬಸವನಹುಳು ಕೊಂಬಿನಿಂದ ಗೋಡೆ ಕುಟ್ಟಿ "ಕೃಷ್ಣ, ಕೃಷ್ಣ" ಅಂದಳು. ಮದುವೆ ಮಾತು ಕೈಬಿಟ್ಟು, ಪಕ್ಕದ ಗೋಡೆ ತುಂಬಾ ಅಳು ಹರಿಸಿದಳು. ತಿದ್ದಿದಷ್ಟೂ ಕಾದಂಬರಿ ಬೆಳೆಯಿತೇ ಹೊರತು ಮುಗಿಯಲಿಲ್ಲ, ಹಲ್ಲಿಗೆ ನೊಣದೂಟವೂ ತಪ್ಪಲಿಲ್ಲ.

ಕೊನೆಗೆ ಪಕ್ಕದ ಬಿರುಕಿನ ಇರುವೆಯನ್ನು ಕರೆದು, "ಓದಿದೆಯೇನೇ? ಹಲ್ಲಿಯಕ್ಕನೇ ಮೆಚ್ಚಿದ್ದಾಳೆ," ಅಂತ ಬೀಗಿದಳು.

ಇರುವೆ ಮುಖಕ್ಕೆ ಹೊಡೆದ ಹಾಗೆ ಅಂದಳು: "ಓದಿದೆ ಕಣಮ್ಮಾ. ನಿನ್ನ ನಾಯಕಿ ಕುತ್ತಿಗೆಗೆ ಇನ್ನೂ ತಾಳಿ ಬಿದ್ದಿಲ್ಲ, ನಿನ್ನ ಹಲ್ಲಿಯಕ್ಕನಿಗೆ ಆಗಲೇ ಹೊಟ್ಟೆ ಮುಂದೆ ಬಂದಿದೆ!"