ಚಿಟುಕಿ ಇಟ್ಟ ಮುಹೂರ್ತ

ಗೀಜಗನ ಗೂಡು ನೋಡಿದ್ದೀರಲ್ಲ, ಮಕ್ಕಳೇ? ಮರದ ತುದಿಯಲ್ಲಿ ಸೋರೆಬುರುಡೆಯ ಹಾಗೆ ನೇತಾಡುತ್ತಿರುತ್ತದಲ್ಲ, ಅದೇ. ಕಾಡಂಚಿನ ಒಂದು ಕೆರೆಯ ದಂಡೆಯಲ್ಲಿ, ನೀರಿನ ಮೇಲೆ ಬಾಗಿದ ಈಚಲುಮರದಲ್ಲಿ, ಅಂಥ ಗೂಡುಗಳ ಒಂದು ಊರೇ ಇತ್ತು.

ಆ ಊರಿನ ಪದ್ಧತಿ ಹೀಗೆ. ಗಂಡು ಅರ್ಧ ಗೂಡು ಕಟ್ಟಿ ನಿಲ್ಲಿಸಬೇಕು. ಹೆಣ್ಣು ಬಂದು ಎಳೆದು, ಕುಕ್ಕಿ, ಕೂತು ನೋಡುತ್ತಾಳೆ. ಅವಳು ಒಪ್ಪಿದರೆ ಉಳಿದರ್ಧ ಕಟ್ಟಬೇಕು, ಇಲ್ಲದಿದ್ದರೆ ಬೇರೆ ಹೆಣ್ಣಿಗೆ ಕಾಯಬೇಕು. ಗೃಹಪ್ರವೇಶದ ದಿನ ಅವಳು ಒಳಗೆ ಹೋದ ಕೂಡಲೇ ಗಂಡು ಗೂಡಿನ ಬಾಯಿಗೆ ತಲೆಕೆಳಗಾಗಿ ಜೋತುಬಿದ್ದು, ರೆಕ್ಕೆ ಬಡಿಯುತ್ತ, ಕಣ್ಣುಮುಚ್ಚಿ ಹಾಡುತ್ತಾನೆ. ಆಗ ಪಕ್ಕದಲ್ಲಿ ಸಿಡಿಲು ಬಿದ್ದರೂ ಅವನಿಗೆ ತಿಳಿಯದು. ಅಷ್ಟು ಖುಷಿ!

ಚಿಟುಕಿ ಎಂಬ ಹೆಣ್ಣು ಗೀಜಗ ಕಾಯುತ್ತಿದ್ದದ್ದು ಆ ಕ್ಷಣಕ್ಕೇ.

ಹಿಂದಿನ ಮಳೆಗಾಲದಲ್ಲಿ ಹಳದಪ್ಪ ಎಂಬ ಗಂಡು ಅವಳಿಗೆ ಗೂಡು ಕಟ್ಟಿಕೊಟ್ಟಿದ್ದ. ಕಟ್ಟಿದ್ದೇನು ಬಂತು, ಅವಸರವಸರವಾಗಿ ನಾಲ್ಕು ನಾರು ಸುತ್ತಿ ಕೈತೊಳೆದುಕೊಂಡಿದ್ದ. ಅವಳು ಮೊಟ್ಟೆಯಿಟ್ಟದ್ದೇ ತಡ, ಪಕ್ಕದ ಗರಿಯಲ್ಲಿ ಇನ್ನೊಬ್ಬಳಿಗೆ ಗೂಡು ಕಟ್ಟಲು ಹೊರಟ. ಒಂದು ಸಂಜೆ ಗಾಳಿಮಳೆಗೆ ಗೂಡು ಕಳಚಿ ನೀರಿಗೆ ಬಿತ್ತು. ಚಿಟುಕಿ ಹೇಗೋ ಪಾರಾದಳು, ಮೊಟ್ಟೆಗಳು ಮುಳುಗಿದವು. ಅವಳು ಯಾರಿಗೂ ಹೇಳದೆ ಆ ಕೆರೆಯನ್ನೇ ಬಿಟ್ಟು ಹೋದಳು. ಹೋದಲ್ಲೆಲ್ಲ ಅವಳ ಜೊತೆಗೆ ಸಿಟ್ಟೂ ಹೋಯಿತು.

ಈ ಮಳೆಗಾಲ ಮರಳಿದವಳು ನೇರವಾಗಿ ಹೋದದ್ದು ಗಿಡುಗನ ಬಳಿಗೆ. ಗೀಜಗವೊಂದು ತಾನಾಗಿ ಗಿಡುಗನ ಬಾಗಿಲಿಗೆ ಹೋಗುವುದೆಂದರೆ, ನೀವೇ ಯೋಚಿಸಿ!

"ಗಿಡುಗಣ್ಣಾ, ನೀನು ಈಚಲುಮರದ ಕಡೆ ಸುಳಿದರೆ ಇಡೀ ಊರು ಕೂಗುತ್ತ ಮೈಮೇಲೆ ಬೀಳುತ್ತದೆ, ಅಲ್ಲವೇ?" ಎಂದಳು. "ಎದುರು ದಂಡೆಯ ಒಂಟಿ ಜಾಲಿಮರಕ್ಕೆ ಒಬ್ಬನನ್ನು ನಾನು ಕರೆತರುತ್ತೇನೆ. ಗೃಹಪ್ರವೇಶದ ದಿನ ನಾನು ಒಳಗೆ ಹೋಗುತ್ತೇನೆ, ಅವನು ಕಣ್ಣುಮುಚ್ಚಿ ಹಾಡುತ್ತಾನೆ. ಆಗ ಎರಗು."

ಗಿಡುಗ ಕೊಂಬೆಗೆ ಕೊಕ್ಕು ಮಸೆಯಿತು. "ಆಗಲಿ ತಂಗಿ. ಒಂದು ಹಕ್ಕಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೀಯ. ತಪ್ಪಿದರೆ, ನಿನ್ನ ಮುಖ ನನಗೆ ನೆನಪಿರುತ್ತದೆ."

ಚಿಟುಕಿ ಒಂದು ಹೆಜ್ಜೆ ಹಿಂದೆ ಸರಿದಳು. ಆದರೂ ಬಾಯಲ್ಲಿ ಬಂದದ್ದು, "ತಪ್ಪುವ ಮಾತೇ ಇಲ್ಲಣ್ಣಾ" ಎಂದು.

ಹಳದಪ್ಪನನ್ನು ಮರುಳುಮಾಡುವುದು ಕಷ್ಟವಾಗಲಿಲ್ಲ. ಹೆಣ್ಣು ಗೀಜಗಗಳೆಲ್ಲ ಒಂದೇ ಕಂದು ಬಣ್ಣ. ಯಾರು ಯಾರೆಂದು ಗುರುತಿಸುವಷ್ಟು ಬುದ್ಧಿ ಹಳದಪ್ಪನಿಗೆ ಮೊದಲೇ ಕಡಿಮೆ. ಚಿಟುಕಿ ಅವನ ಎದುರಿನ ಗರಿಯಲ್ಲಿ ಕೂತು, ಗರಿಗರಿಯಾಗಿ ರೆಕ್ಕೆ ತೀಡಿಕೊಂಡು, ಕತ್ತು ಓರೆ ಮಾಡಿ ನೋಡಿದಳು.

"ಇಂಥ ಹಳದಿ ತಲೆ ನಾನು ಯಾವ ಕೆರೆಯಲ್ಲೂ ಕಂಡಿಲ್ಲ" ಎಂದಳು ರಾಗವಾಗಿ. "ಆದರೇನು, ಈ ಗದ್ದಲದ ಮರದಲ್ಲಿ ನನಗೆ ನಿದ್ದೆ ಬಾರದು. ಆ ಜಾಲಿಮರದಲ್ಲಿ ನಾವಿಬ್ಬರೇ ಇದ್ದರೆ ಎಷ್ಟು ಚೆನ್ನ!"

"ಅಲ್ಲಿ ಒಂಟಿಯಾಗಿ ಯಾರೂ ಕಟ್ಟುವುದಿಲ್ಲ..." ಎಂದು ಹಳದಪ್ಪ ತಡವರಿಸಿದ.

"ಹೋಗಲಿ ಬಿಡು. ಧೈರ್ಯ ಇರುವವರು ಬೇರೆ ಯಾರಾದರೂ ಸಿಗುತ್ತಾರೆ."

ಅಷ್ಟು ಸಾಕಾಯಿತು. ಅವತ್ತೇ ಜಾಲಿಯ ಕೊಂಬೆಗೆ ಮೊದಲ ನಾರು ಬಿತ್ತು.

ಅಲ್ಲಿಂದ ಚಿಟುಕಿಗೆ ನೆಮ್ಮದಿ ಇಲ್ಲ. ಹಳದಪ್ಪ ತನ್ನ ಮುಖ ನೋಡಿದರೆ ಗುರುತು ಸಿಕ್ಕಿತೋ ಎಂಬ ಭಯ. ನೋಡದಿದ್ದರೆ ಅನುಮಾನ ಬಂತೋ ಎಂಬ ಭಯ. ತಲೆಯೆತ್ತಿದರೆ ದೂರದ ಬಂಡೆಯ ಮೇಲೆ ಗಿಡುಗ ಕೂತಿರುತ್ತಿತ್ತು. ಈ ಹಳದಪ್ಪನೋ, ಮುಗಿಸುವ ಹಾಗೆಯೇ ಕಾಣಲಿಲ್ಲ! ಹುಲ್ಲು ಸೀಳುತ್ತಾನೆ, ಸುತ್ತುತ್ತಾನೆ, ಎಳೆದು ನೋಡುತ್ತಾನೆ, ಮತ್ತೆ ಸುತ್ತುತ್ತಾನೆ. ಹೊಟ್ಟೆಗೆ ತಿನ್ನಲೂ ಹೋಗುವುದಿಲ್ಲ.

"ಸಾಕು ಮಾರಾಯ, ಗೂಡೋ ಕೋಟೆಯೋ?" ಎಂದು ಚಿಟುಕಿ ರೇಗಿದಳು.

"ಇನ್ನೊಂದು ಸುತ್ತು ಇರಲಿ. ಹಸಿ ಮಣ್ಣೂ ಮೆತ್ತಿಬಿಡುತ್ತೇನೆ" ಎಂದ ಅವನು. ಅವನ ಕೊಕ್ಕು ಸವೆದು ನೆತ್ತರು ಕಾಣುತ್ತಿತ್ತು.

ಅದನ್ನು ನೋಡಿ ಚಿಟುಕಿಗೆ ಕರುಳು ಚುರ್ ಎಂದಿತು. 'ಹೇಳಿಬಿಡಲೇ? ಇಲ್ಲಿಂದ ಹೋಗು ಎನ್ನಲೇ?' ಎನಿಸಿತು. ಆದರೆ ಹೇಳಿದರೆ ಗಿಡುಗ ತನ್ನನ್ನು ಬಿಟ್ಟೀತೇ? ನೀರಿನಲ್ಲಿ ಮುಳುಗಿದ ಮೊಟ್ಟೆಗಳೂ ಕಣ್ಣಮುಂದೆ ಬಂದವು. ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು.

ಗೃಹಪ್ರವೇಶದ ದಿನ ಬೆಳಗ್ಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಚಿಟುಕಿ ತಿಳಿಸಿದ್ದಂತೆ ಗಿಡುಗ ಬಂಡೆಯಿಂದ ಹತ್ತಿರದ ಮುತ್ತುಗದ ಮರಕ್ಕೆ ಬಂದು ಎಲೆಮರೆಯಲ್ಲಿ ಕೂತಿತ್ತು. ಚಿಟುಕಿ ಅತ್ತ ಒಮ್ಮೆ ನೋಡಿದಳು. ಹೇಗೋ ಗೂಡಿನ ಕೊಳವೆ ಹತ್ತಿ ಒಳಗೆ ಸೇರಿದಳು. ಹೊರಗೆ ಹಳದಪ್ಪ ಜೋತುಬಿದ್ದು ಹಾಡತೊಡಗಿದ. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಗಿಡುಗ ಎರಗಿತು. ಅದೇ ಹೊತ್ತಿಗೆ ಎಲ್ಲಿತ್ತೋ ಏನೋ, ಬಯಲಿನಿಂದ ಒಂದು ಸುಂಟರಗಾಳಿ ಎದ್ದು ಬಂದು ಜಾಲಿಕೊಂಬೆಯ ಗೂಡನ್ನು ಗಿರ್ರೆಂದು ತಿರುಗಿಸಿತು. ಹಳದಪ್ಪ ಆಚೆಗೆ ಎಗರಿಬಿದ್ದ. ಗೂಡು ಗಿಡುಗನ ಎದುರಿಗೆ ತಿರುಗಿತು. ಉಗುರುಗಳು ಗೂಡಿಗೆ ನಾಟಿದವು, ಕೊಂಬೆ ಲಟಕ್ಕನೆ ಮುರಿಯಿತು. ಗಿಡುಗ ಗೂಡನ್ನೇ ಹೊತ್ತು ಹಾರಿತು.

"ಗಿಡುಗಣ್ಣಾ, ನಾನು! ಒಳಗಿರುವುದು ನಾನು!" ಎಂದು ಚಿಟುಕಿ ಚೀರಿದಳು.

"ಮಾತಾಗಿದ್ದು ಒಂದು ಹಕ್ಕಿಗೆ" ಎಂದಿತು ಗಿಡುಗ. "ಯಾವ ಹಕ್ಕಿಯೆಂದು ನನ್ನ ಹೊಟ್ಟೆ ಕೇಳುವುದಿಲ್ಲ."

ಆಗ ಚಿಟುಕಿಯ ಬಾಯಿಂದ ಹೊರಟ ಹೆಸರು ಯಾವುದು ಗೊತ್ತೇ? "ಹಳದಪ್ಪಾ! ಕಾಪಾಡು!"

ಹಳದಪ್ಪ ಬಂದ. ಒಬ್ಬನೇ ಅಲ್ಲ, ಕೂಗುತ್ತ ಇಡೀ ಈಚಲುಮರವನ್ನೇ ಎಬ್ಬಿಸಿಕೊಂಡು ಬಂದ. ಗೀಜಗಗಳು ಗಿಡುಗನ ಕಣ್ಣಿಗೆ, ಕತ್ತಿಗೆ, ಬೆನ್ನಿಗೆ ಮುತ್ತಿ ಕುಕ್ಕಿದವು. ಗಿಡುಗನ ಉಗುರು ಗೂಡನ್ನು ಎಷ್ಟು ಹಿಚುಕಿದರೂ ಒಳಗೆ ಇಳಿಯಲಿಲ್ಲ. ಕೊನೆಗೆ ಬೇಸತ್ತು ಅದು ಗೂಡನ್ನು ಕೆರೆದಂಡೆಯ ಕೆಸರಿಗೆ ಒಗೆದು ಓಡಿಹೋಯಿತು.

ಚಿಟುಕಿ ತೆವಳುತ್ತ ಹೊರಗೆ ಬಂದಳು. ಒಂದು ರೆಕ್ಕೆ ಉಳುಕಿತ್ತು, ಜೀವ ಉಳಿದಿತ್ತು.

"ಸದ್ಯ, ನಾರು ತಡೆಯಿತು!" ಎಂದ ಹಳದಪ್ಪ ಏದುಸಿರು ಬಿಡುತ್ತ. "ಹೋದ ವರ್ಷ ಒಬ್ಬಳಿಗೆ ಬೇಕಾಬಿಟ್ಟಿ ಕಟ್ಟಿಕೊಟ್ಟೆ. ಗಾಳಿಗೆ ಬಿದ್ದು ಅವಳ ಮೊಟ್ಟೆಗಳು ಹೋದವು. ಕ್ಷಮೆ ಕೇಳೋಣವೆಂದು ಹುಡುಕಿದರೆ ಅವಳು ಸಿಗಲೇ ಇಲ್ಲ. ಇನ್ನು ಯಾರಿಗೂ ಹಾಗಾಗಬಾರದೆಂದು ಈ ಸಲ ದುಪ್ಪಟ್ಟು ನಾರು ಸುತ್ತಿದೆ."

ಚಿಟುಕಿಗೆ ನೆಲವೇ ಬಾಯಿಬಿಡಬಾರದೇ ಎನಿಸಿತು. ಅಷ್ಟರಲ್ಲಿ ಗೀಜಗಗಳಲ್ಲೆಲ್ಲ ಹಿರಿಯಳಾದ ನಾರಜ್ಜಿ ಮುಂದೆ ಬಂದು ಕೇಳಿದಳು:

"ಅದೆಲ್ಲ ಸರಿ. ಸರಿಯಾಗಿ ಹಾಡುವ ಹೊತ್ತಿಗೇ ಬಂತಲ್ಲ, ಇವತ್ತೇ ಗೃಹಪ್ರವೇಶ ಅಂತ ಆ ಗಿಡುಗನಿಗೆ ಹೇಳಿದವರು ಯಾರಮ್ಮಾ?"

ಸುಳ್ಳು ಹೇಳಬಹುದಿತ್ತು. ಚಿಟುಕಿಗೆ ಸಾಧ್ಯವಾಗಲಿಲ್ಲ. "ನಾನೇ ಅಜ್ಜಿ" ಎಂದಳು. "ಹೋದ ವರ್ಷದ ಆ ಒಬ್ಬಳೂ ನಾನೇ."

ಹಳದಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಮೆಲ್ಲಗೆ ಹಾರಿ ಈಚಲುಮರಕ್ಕೆ ಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು.

ಚಿಟುಕಿ ಕೆಸರಿನಲ್ಲಿದ್ದ ಗೂಡಿನ ಪಕ್ಕದಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು. ಅಷ್ಟೆಲ್ಲ ಆಗಿದ್ದರೂ ಅದು ಒಂದು ಕಡೆಯೂ ಹರಿದಿರಲಿಲ್ಲ.

ನೀತಿ: ಇನ್ನೊಬ್ಬರ ಕೇಡಿಗೆ ಮುಹೂರ್ತ ಇಡಬಹುದು, ಆ ಹೊತ್ತಿಗೆ ಗಾಳಿ ಯಾವ ಕಡೆ ಬೀಸುತ್ತದೆ ಎಂಬುದು ಇಟ್ಟವರ ಕೈಯಲ್ಲಿಲ್ಲ.