ಎಟುಕದ ಸ್ವರ

“ಗುರುಗಳೇ, ಹಠ ಬಿಡದೆ ದುಡಿದರೂ ಕೆಲಸ ಕೈಗೂಡದಿದ್ದರೆ ಕೊರತೆ ಯಾರದು?”

ಕೇಳಿದವಳು ಸಂಗೀತ ಕಲಿಯುತ್ತಿದ್ದ ನೀಲಾಂಬಿಕೆ. ಮಂದ್ರದ ಸ್ವರಗಳಿಗೆ ಇಳಿದಾಗಲೆಲ್ಲ ಅವಳ ದನಿ ಹೂತುಹೋಗಿ ಬರಿಯ ಗಾಳಿ ಬರುತ್ತಿತ್ತು. ಗುರುಗಳ ಗಂಡುದನಿ ಸಲೀಸಾಗಿ ಇಳಿಯುವ ಜಾಗ ಅದು. ತನ್ನ ಗಂಟಲೇ ಕೆಟ್ಟದ್ದು, ಸಂಗೀತ ಬಿಟ್ಟುಬಿಡಲೇ ಎಂಬಲ್ಲಿಗೆ ಬಂದಿದ್ದಳು. ಬಿಡಲು ಮನಸ್ಸು ಒಪ್ಪುತ್ತಿರಲಿಲ್ಲ.

“ತಂಬೂರಿ ಕೆಳಗಿಡು, ಮಗು. ಒಂದು ಕತೆ ಕೇಳು” ಎಂದರು ವಾಮನಾಚಾರ್ಯರು.

ಇಂಗ್ಲೆಂಡಿನಲ್ಲಿ ಒಬ್ಬ ವಾದಕಿ. ಪಿಯಾನೋ ನುಡಿಸಿ ಬೆಳೆದವಳು. ತನ್ನ ದೇಶದ ಬಲು ಹಳೆಯ ಸಂಗೀತವನ್ನು ಆ ಕಾಲದ್ದೇ ಹಾರ್ಪ್ಸಿಕಾರ್ಡಿನಲ್ಲಿ ನುಡಿಸಿ ರೆಕಾರ್ಡ್ ಮಾಡಬೇಕೆಂದು ಅವಳ ಆಸೆ. ಹಾರ್ಪ್ಸಿಕಾರ್ಡ್ ಅಂದರೆ ಪಿಯಾನೋದ ಅಜ್ಜಿ ಅನ್ನು. ಕೀ ಒತ್ತಿದರೆ ಒಳಗೆ ಹಕ್ಕಿಗರಿಯ ತುಂಡೊಂದು ತಂತಿ ಮೀಟುತ್ತದೆ. ವಾದ್ಯದ ಒಡತಿ ಅದನ್ನು ಒಂದು ವಾರಕ್ಕೆ ಬಿಟ್ಟುಕೊಟ್ಟಿದ್ದಳು. ಆಮೇಲೆ ಅದು ಗಾಜಿನ ಕಪಾಟು ಸೇರುವುದಿತ್ತು. ಮತ್ತೆ ಯಾರ ಕೈಗೂ ಸಿಗದು.

ಎಲ್ಲ ಸುಸೂತ್ರವಾಗಿ ನಡೆಯಿತು, ಒಂದು ಕೃತಿ ಬಿಟ್ಟು. ಅದರಲ್ಲಿ ಎಡಗೈಯ ಕಿರುಬೆರಳು ಎಲ್ಲಕ್ಕಿಂತ ಕೆಳಗಿನ ಸ್ವರ ಹಿಡಿದಿರುವಾಗಲೇ ಹೆಬ್ಬೆರಳು ಅಲ್ಲಿಂದ ಹತ್ತನೆಯ ಕೀ ಒತ್ತಬೇಕು. ಅವಳದು ಪುಟ್ಟ ಕೈ, ಎಂಟನೆಯ ಕೀಯ ತನಕ ಮಾತ್ರ ಎಟುಕುತ್ತಿತ್ತು. ಅವಳೋ ಮಹಾ ಹಠಮಾರಿ! ಬಿಸಿನೀರಿನಲ್ಲಿ ಕೈ ಅದ್ದಿದಳು, ಬೆರಳ ಸಂದಿಗೆ ಮರದ ಬೆಣೆ ಇಟ್ಟು ಹಿಗ್ಗಿಸಿದಳು. ಕೈ ಊದಿಕೊಂಡಿತೇ ಹೊರತು ಸ್ವರ ಎಟುಕಲಿಲ್ಲ.

ರೆಕಾರ್ಡ್ ಮಾಡುವವನಿಗೆ ಕನಿಕರವಾಯಿತು. “ಅಮ್ಮಾ, ಆ ಒಂದು ಸ್ವರ ಬೇರೆಯಾಗಿ ನುಡಿಸಿಬಿಡಿ. ನಾನು ಅಂಟಿಸುತ್ತೇನೆ, ದೇವರಿಗೂ ಗೊತ್ತಾಗದು” ಎಂದ.

“ಆಗದಪ್ಪ. ಇದನ್ನು ಆ ಕಾಲದ ಮೇಷ್ಟ್ರುಗಳು ಎಳೆಯ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದರು. ಅವರದೇನು ರಾಕ್ಷಸರ ಕೈಯೇ?” ಎಂದು ಸಿಡುಕಿದಳು.

ಸಿಡುಕಿದವಳು ತನ್ನ ಮಾತಿಗೆ ತಾನೇ ಬೆಚ್ಚಿದಳು. ಅಲ್ಲಿಯತನಕ ತನ್ನ ಕೈಯನ್ನೇ ಬೈಯುತ್ತಿದ್ದವಳು ಮೊದಲ ಸಲ ಬಗ್ಗಿ ಕೀಗಳನ್ನು ನೋಡಿದಳು. ಎಡತುದಿಯ ಎರಡು ನುಣ್ಣಗೆ ಹೊಸವಾಗಿದ್ದವು. ಅವುಗಳ ಪಕ್ಕದ ಒಂದು ಹಳೆಯ ಕೀ ಮಾತ್ರ ಒರಳಿನ ಹಾಗೆ ಗುಳಿಬಿದ್ದಿತ್ತು. ಅಷ್ಟು ಸವೆಯುವಷ್ಟು ಸಲ ಅದರ ಈಗಿನ ಸ್ವರ ಈ ಸಂಗೀತದಲ್ಲಿ ಬರುವುದೇ ಇಲ್ಲ! ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರ ಮೊದಲು ಆ ಕೀಯಲ್ಲೇ ಇತ್ತು. ಪುಟ್ಟ ಕೈಗೂ ಎಟುಕಲಿ ಎಂದೇ ಹಾಗೆ ಜೋಡಿಸಿದ್ದರು. ಹಿಂದಿನ ಯಾವನೋ ಪುಣ್ಯಾತ್ಮ, ಸ್ವರಗಳು ಸಾಲಾಗಿಲ್ಲ, ಇದು ತಪ್ಪು ಅಂದುಕೊಂಡು ಎಡಕ್ಕೆ ಹೊಸ ಕೀ ಸೇರಿಸಿ ಸರಿಮಾಡಿಸಿದ್ದ!

ಒಡತಿಯನ್ನು ಕಾಡಿಬೇಡಿ ಒಪ್ಪಿಸಿದಳು. ಸವೆದ ಕೀಗೆ ದಪ್ಪ ತಂತಿ ಕಟ್ಟಿಸಿ ಹಳೆಯ ಸ್ವರಕ್ಕೆ ಇಳಿಸಿದಳು. ಕಿರುಬೆರಳನ್ನು ಗುಳಿಯಲ್ಲಿಟ್ಟಳು. ಹೆಬ್ಬೆರಳು ತಾನಾಗಿಯೇ ಜಾಗಕ್ಕೆ ಹೋಗಿ ಕೂತಿತು. ವಾರದ ಕಡೆಯ ದಿನ, ಎಲ್ಲೂ ಅಂಟಿಸದೆ, ಇಡೀ ಕೃತಿಯನ್ನು ನುಡಿಸಿ ಮುಗಿಸಿ ಸಂತೋಷಕ್ಕೆ ಅತ್ತುಬಿಟ್ಟಳು.

ಕತೆ ಮುಗಿಯಿತು. ನೀಲಾಂಬಿಕೆಗೆ ಸಮಾಧಾನವಾಗಲಿಲ್ಲ.

“ಅಲ್ಲ ಗುರುಗಳೇ, ಅವಳ ವಾದ್ಯವನ್ನೇನೋ ಯಾರೋ ತಿದ್ದಿದ್ದರು. ನನ್ನದು ಗಂಟಲು. ಇದನ್ನು ಯಾರು ತಿದ್ದಿದ್ದಾರೆ?”

ಆಚಾರ್ಯರು ತಂಬೂರಿಯನ್ನು ಅವಳ ಕಡೆಗೆ ಸರಿಸಿದರು.

“ಇದರ ಶ್ರುತಿ ಯಾರ ಗಂಟಲಿಗೆ ಸೇರಿಸಿದ್ದು ಎಂದು ನೀನು ಇಷ್ಟು ದಿನ ಯಾಕೆ ಕೇಳಲಿಲ್ಲ?”