ಗಮ್ ಹಚ್ಚದ ಬೋಲ್ಟು

“ಗುರುಗಳೇ, ತಪ್ಪು ಮಾಡಿದವನು ಅದನ್ನು ಬಾಯಿಬಿಟ್ಟು ಹೇಳಲೇಬೇಕೇ? ಯಾರಿಗೂ ತಿಳಿಯದ ಹಾಗೆ ತಾನೇ ಸರಿಮಾಡಿಕೊಂಡರೆ ಆಗದೇ?” ಎಂದು ಶಿಷ್ಯ ಸಂಗಯ್ಯ ಕೇಳಿದ.

ಗುರುಗಳು ಅವನ ಮುಖವನ್ನೊಮ್ಮೆ ನೋಡಿ, “ಕೂತ್ಕೋ” ಎಂದು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕಾರ್ ಮೇಸ್ತ್ರಿಯಿದ್ದ. ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಎತ್ತಿದ ಕೈ. ಅದು ಅವನಿಗೂ ಗೊತ್ತಿತ್ತು, ಅದೇ ತೊಂದರೆ. ತಾನು ಕಟ್ಟಿದ ಎಂಜಿನ್ನಿನಿಂದ ಒಂದು ಹನಿ ಸೋರಿದರೆ ಸ್ಪ್ಯಾನರ್ ಮುಟ್ಟುವುದನ್ನೇ ಬಿಡುತ್ತೇನೆ ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಹಿಟ್ಟಿನ ಗಿರಣಿಯವನೊಬ್ಬ ತನ್ನ ಹಳೇ ಕಾರನ್ನು ಅವನಲ್ಲಿಗೆ ತಂದ. ವಾರಕ್ಕೆರಡು ಸಲ ತಾಯಿಯನ್ನು ಘಾಟಿ ದಾಟಿಸಿ ಡಯಾಲಿಸಿಸ್‌ಗೆ ಕರೆದೊಯ್ಯಲು ಅವನಿಗಿದ್ದದ್ದು ಅದೊಂದೇ ಗಾಡಿ. ಮೇಸ್ತ್ರಿ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಮತ್ತೆ ಕಟ್ಟಿಕೊಟ್ಟ.

ಮೂರನೆಯ ದಿನ ಗಿರಣಿಯವನು ಬಂದು, ನೀರಿನ ಪಂಪಿನ ಹತ್ತಿರ ಒದ್ದೆ ಕಾಣುತ್ತದೆ ಎಂದ. ಮೇಸ್ತ್ರಿ ಬಾನೆಟ್ ಎತ್ತಿದ. ಒಂದು ಬೋಲ್ಟಿನ ತಲೆಯ ಕೆಳಗೆ ಎಂಜಿನ್ ತಣ್ಣಗಿಡುವ ಹಸಿರು ನೀರು, ಕೂಲೆಂಟ್, ಜಿನುಗುತ್ತಿತ್ತು. ನೋಡಿದೊಡನೆ ಅವನಿಗೆ ಗೊತ್ತಾಗಿಹೋಯಿತು. ಆ ಬೋಲ್ಟು ನೇರವಾಗಿ ನೀರಿನ ದಾರಿಗೇ ಇಳಿಯುವಂಥದ್ದು. ಸೋರದಂತೆ ಅದರ ಥ್ರೆಡ್ಡಿಗೆ ಗಮ್ ಹಚ್ಚಿಯೇ ಹಾಕಬೇಕು. ಅವನು ಮರೆತಿದ್ದ. ಕೂಲೆಂಟ್ ಇಳಿಸಿ, ಬೋಲ್ಟು ತೆಗೆದು ಒರೆಸಿ, ಗಮ್ ಹಚ್ಚಿ ಹಾಕಿದರೆ ಅರ್ಧ ದಿನದ ಕೆಲಸ. ಆದರೆ ಏಕೆಂದು ಹೇಳಬೇಕಲ್ಲ!

“ಸ್ವಲ್ಪ ಸಡಿಲಾಗಿದೆ, ಅಷ್ಟೇ” ಎಂದು ಬಿಗಿ ಮಾಡಿ ಕಳಿಸಿದ.

ಎರಡು ದಿನ ಸೋರಲಿಲ್ಲ. ಆಮೇಲೆ ಮತ್ತೆ ಜಿನುಗಿತು. ಮತ್ತೆ ಬಿಗಿ ಮಾಡಿದ. ಅವನಿಗೆ ಅನ್ನ ಸೇರದಾಯಿತು. ಆ ಕಾರು ರಸ್ತೆಯಲ್ಲಿ ಹಾದುಹೋದರೆ ಸಾಕು, ನೆಲದ ಮೇಲೆ ಹನಿ ಬಿದ್ದಿದೆಯೇ ಎಂದು ಬಗ್ಗಿ ನೋಡುತ್ತಿದ್ದ.

ಮುಂದಿನ ವಾರ ಗಿರಣಿಯವನು ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಬಂದ. ಹಿಂದಿನ ಸೀಟಿನಲ್ಲಿ ತಾಯಿ ಒರಗಿಕೊಂಡಿದ್ದಳು. ಮೇಸ್ತ್ರಿ ಹಲ್ಲುಕಚ್ಚಿ ಸ್ಪ್ಯಾನರ್ ಎಳೆದ. ಬೋಲ್ಟು ಬಿಗಿಯಾಗಲಿಲ್ಲ, ಸುಮ್ಮನೆ ತಿರುಗತೊಡಗಿತು. ಬಿಗಿದು ಬಿಗಿದು ಥ್ರೆಡ್ ಸವೆದುಹೋಗಿತ್ತು. ಅಯ್ಯೋ, ಆಗಲಾದರೂ ಹೇಳಬಾರದಿತ್ತೇ ಆ ಪುಣ್ಯಾತ್ಮ!

“ಹೋಗಬಹುದಾ ಮೇಸ್ತ್ರಿ?”

“ಹೋಗಿಬನ್ನಿ.”

ಕಾರು ಹೋದ ಮೇಲೆ ಅವನು ಫೋನ್ ಹಿಡಿದುಕೊಂಡೇ ನಿಂತ. ಕರೆದು ನಿಲ್ಲಿಸಿಬಿಡಲೇ ಎಂದು ಹತ್ತು ಸಲ ಅಂದುಕೊಂಡ. ಬೆರಳು ಏಳಲಿಲ್ಲ. ಒಂದು ತಾಸಿಗೆ ಗಿರಣಿಯವನದೇ ಫೋನ್ ಬಂತು. ಘಾಟಿಯ ನಡುವೆ ಎಂಜಿನ್ ಕಾದು ನಿಂತಿತ್ತು. ತಾಯಿ ಏದುಸಿರು ಬಿಡುತ್ತಿದ್ದಳು. ಯಾವುದೋ ಹಾಲಿನ ವ್ಯಾನು ಸಿಕ್ಕಿ ಆಕೆ ಆಸ್ಪತ್ರೆ ಸೇರಿದಳು. ಹೇಗೋ ಜೀವ ಉಳಿಯಿತು.

ಮರುದಿನ ಗಿರಣಿಯವನು ಬಂದು ಮೇಸ್ತ್ರಿಯ ಕೈ ಹಿಡಿದುಕೊಂಡ. “ನೀವು ಬೇಜಾರು ಮಾಡ್ಕೋಬೇಡಿ. ನಿಮ್ಮ ಕೆಲಸದಲ್ಲಿ ತಪ್ಪಿರುತ್ತದೆಯೇ? ಹಳೇ ಗಾಡಿ, ಅದರದೇ ದೋಷ” ಎಂದ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಸಂಗಯ್ಯನಿಗೆ ತಡೆಯಲಾಗಲಿಲ್ಲ.

“ಆಗಲಾದರೂ ಮೇಸ್ತ್ರಿ ನಿಜ ಹೇಳಿದನೇ, ಗುರುಗಳೇ?”

“ಅವನ ವಿಷಯ ಇರಲಿ, ನೀನು ಯಾರಿಗೆ ಹೇಳಬೇಕಾಗಿದೆ?”